ಅಜ್ಜನ ಕಾರ್ಡಿನಲ್ಲಿದ್ದ ವಾಟ್ಸನ್ ಹೋಟೆಲ್

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ 1972ರ ಒಂದು ಅಂಚೆ ಕಾರ್ಡು ಸಿಕ್ಕಿತು. ಅವರೇ ಅಜ್ಜಿಗೆ ಬರೆದದ್ದು. ವಿಳಾಸ ‘ಎಸ್‌ಪ್ಲನೇಡ್ ಮ್ಯಾನ್ಶನ್, ಕಾಲಾಘೋಡಾ, ಮುಂಬಯಿ’ ಎಂದಿದೆ. ಮನೆಯಲ್ಲಿ ಮಾತ್ರ ಎಲ್ಲರೂ ಅವರು ‘ವಾಟ್ಸನ್ ಹೋಟೆಲಿನಲ್ಲಿ’ ಇದ್ದರು ಎನ್ನುತ್ತಾರೆ. ಆ ಹೆಸರಿನ ಉಡುಪಿ ಹೋಟೆಲ್ ಇತ್ತೇ? ಈಗಲೂ ಇದೆಯೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ಅಜ್ಜ ಅಲ್ಲಿ ದೋಸೆ ಹುಯ್ದಿರಲಾರರು. ‘ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದಾನೆ’ ಎಂದರೆ ನಮ್ಮ ಕರಾವಳಿಯಲ್ಲಿ ಲೋಟ ತೊಳೆಯುತ್ತಾನೆ, ಇಲ್ಲವೇ ಗಲ್ಲಾದ ಮೇಲೆ ಕುಳಿತಿದ್ದಾನೆ ಎಂದು ಅರ್ಥ. ವಾಟ್ಸನ್ ಹೋಟೆಲ್ ಆ ಜಾತಿಯದಲ್ಲ. ಅದು ದೊರೆಗಳು ಇಳಿದುಕೊಳ್ಳುತ್ತಿದ್ದ ಹೋಟೆಲು. 1972ರ ಹೊತ್ತಿಗೆ ಅದು ಮುಚ್ಚಿ, ಕಟ್ಟಡ ಎಸ್‌ಪ್ಲನೇಡ್ ಮ್ಯಾನ್ಶನ್ ಆಗಿ, ಹಳೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿತ್ತು. ಇಷ್ಟು ಧೈರ್ಯವಾಗಿ ಹೇಳುತ್ತಿರುವುದೇಕೆಂದರೆ, ನನ್ನ ಅಪ್ಪನೂ ಅದೇ ಕಟ್ಟಡದಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದರು. ಅವರೂ ಸಾಯುವವರೆಗೆ ಅದನ್ನು ‘ವಾಟ್ಸನ್’ ಎಂದೇ ಕರೆದರು.

ಜಾನ್ ವಾಟ್ಸನ್ ಎಂಬ ಬಟ್ಟೆ ವ್ಯಾಪಾರಿ ಕಟ್ಟಿಸಿದ ಹೋಟೆಲದು. ಕಟ್ಟಿಸಿದ ಎನ್ನುವುದಕ್ಕಿಂತ ಜೋಡಿಸಿದ ಎನ್ನಬೇಕು. ಕಂಬ, ತೊಲೆಗಳನ್ನೆಲ್ಲ 1867ರಿಂದ 1869ರ ನಡುವೆ ಇಂಗ್ಲೆಂಡಿನ ಡರ್ಬಿಯಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು ಇಲ್ಲಿ ನಿಲ್ಲಿಸಿದರು. ವಿನ್ಯಾಸ ರೋಲೆಂಡ್ ಮೇಸನ್ ಆರ್ಡಿಶ್ ಅವರದು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ದೊಡ್ಡ ಚಾವಣಿಯಲ್ಲೂ ಅವರ ಕೈ ಇದೆ. ಹೀಗಾಗಿ ಈ ಕಟ್ಟಡಕ್ಕೂ ನಿಲ್ದಾಣದ ಮೈಕಟ್ಟೇ ಬಂತು. ಭಾರ ಹೊರುವುದೆಲ್ಲ ಕಬ್ಬಿಣ. ಇಟ್ಟಿಗೆ ಬರೀ ಸಂದು ತುಂಬಲು. ಮಹಡಿ ಮಹಡಿಗೂ ಉದ್ದಕ್ಕೆ ಬಾಲ್ಕನಿ.

ಶಾಲೆಗೆ ರಜೆ ಇದ್ದಾಗ ನಾನು ಅಪ್ಪನಿಗೆ ಬುತ್ತಿ ಕೊಂಡೊಯ್ಯುತ್ತಿದ್ದೆ. ಹಿಂದೆ ಅತಿಥಿಗಳಿದ್ದ ಕೋಣೆಗಳನ್ನು ಪ್ಲೈವುಡ್ಡಿನಿಂದ ಸೀಳಿ ಸೀಳಿ ಗೂಡು ಮಾಡಿದ್ದರು. ಒಂದು ಗೂಡಿನಲ್ಲಿ ವಕೀಲರು, ಪಕ್ಕದಲ್ಲಿ ಬೆರಳಚ್ಚಿನವರು, ಅದರಾಚೆ ಯಾರದೋ ಸಂಸಾರ, ಒಗ್ಗರಣೆಯ ವಾಸನೆ. ಮಳೆಗಾಲದಲ್ಲಿ ಅಪ್ಪ ಅಫಿಡವಿಟ್ಟುಗಳ ಮೇಲೆ ಮೇಣಬಟ್ಟೆ ಹೊದಿಸಿ, ತಾವು ನೆನೆಯುತ್ತಾ ಕೂರುತ್ತಿದ್ದರು. ಅವರ ಮೇಜಿನ ಪಕ್ಕದಲ್ಲೇ ಒಂದು ಕಂಬ. ಅದಕ್ಕೆ ಎಷ್ಟು ಪದರ ಬಣ್ಣ ಬಳಿದಿದ್ದರೆಂದರೆ, ತಲೆಯ ಮೇಲಿನ ಎಲೆಬಳ್ಳಿಯ ಕೆತ್ತನೆ ಕಲಸಿದ ಹಿಟ್ಟಿನಂತೆ ಮೆತ್ತಗಾಗಿ ಕಾಣುತ್ತಿತ್ತು. ಅಪ್ಪ ಊಟದ ಡಬ್ಬಿಯ ಮುಚ್ಚಳದಿಂದ ಅದನ್ನು ತಟ್ಟಿ, “ಕೇಳು, ಒಳಗೆ ಪೊಳ್ಳು” ಎನ್ನುತ್ತಿದ್ದರು. ದೇವಸ್ಥಾನದ ಗಂಟೆಯನ್ನು ಬಟ್ಟೆ ಸುತ್ತಿ ಬಾರಿಸಿದಂತಹ ಸದ್ದು.

1896ರ ಜನವರಿಯಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಇಲ್ಲಿ ತಂಗಿ, ಬಾಲ್ಕನಿಯ ಕಾಗೆಗಳ ಬಗ್ಗೆ ಬರೆದರು. ಅದೇ ವರ್ಷ ಜುಲೈ 7ರಂದು ಫ್ರಾನ್ಸಿನ ಲ್ಯೂಮಿಯೇರ್ ಸಹೋದರರ ಆರು ಚಲನಚಿತ್ರಗಳನ್ನು ತಲೆಗೆ ಒಂದು ರೂಪಾಯಿ ಟಿಕೆಟ್ಟಿನಲ್ಲಿ ಇಲ್ಲಿ ತೋರಿಸಿದರು. ಭಾರತಕ್ಕೆ ಸಿನಿಮಾ ಬಂದಿಳಿದದ್ದು ಹೀಗೆ. 1903ರಲ್ಲಿ ತಾಜ್ ಹೋಟೆಲ್ ತೆರೆದ ಮೇಲೆ ವಾಟ್ಸನ್ನಿನ ಹೊಳಪು ಇಳಿಯಿತು. ತಾಜ್ ಕಟ್ಟಿಸಿದ ಜಮ್‌ಶೆಟ್‌ಜಿ ಟಾಟಾ ಅವರನ್ನು ಭಾರತೀಯರೆಂದು ವಾಟ್ಸನ್ನಿನ ಬಾಗಿಲಲ್ಲಿ ತಡೆದದ್ದಕ್ಕೇ ತಾಜ್ ಹುಟ್ಟಿತು ಎಂಬ ಕಥೆಯನ್ನು ಪ್ರವಾಸಿ ಗೈಡುಗಳಿಗೆ ಬಿಟ್ಟುಬಿಡೋಣ.

ನಿಮ್ಮ ಅಜ್ಜನ ಮಾತಿಗೆ ಬರುತ್ತೇನೆ. ಮುಂಬಯಿಯ ಫೋರ್ಟ್ ಪ್ರದೇಶದ ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಬೆರಳಚ್ಚು ಕಲಿತು ಕಚೇರಿ ಸೇರಿದ ಹುಡುಗರು ಆಗ ಬಹಳ. ನನ್ನ ಅಪ್ಪನದೂ ಅದೇ ದಾರಿ. ಹೈಕೋರ್ಟು ನಡೆಯುವಷ್ಟು ದೂರ, ಆದ್ದರಿಂದ ವಕೀಲರೂ ಅವರ ಗುಮಾಸ್ತರೂ ಈ ಕಟ್ಟಡದಲ್ಲಿ ತುಂಬಿಕೊಂಡಿದ್ದರು. ಮನೆಯವರಿಗೆ ‘ಮ್ಯಾನ್ಶನ್’ ನಾಲಿಗೆಗೆ ಹೊರಳದೆ ‘ಹೋಟೆಲು’ ಉಳಿದಿರಬೇಕು. ಕಾಲಾಘೋಡಾದ್ದೂ ಅದೇ ಕಥೆ: ಆ ಹೆಸರು ಕೊಟ್ಟ ಕಪ್ಪು ಕುದುರೆಯನ್ನು, ಎಡ್ವರ್ಡ್ ದೊರೆ ಏರಿ ಕುಳಿತ ಪ್ರತಿಮೆಯನ್ನು, 1965ರಲ್ಲೇ ಎತ್ತಿಕೊಂಡು ಹೋದರು, ಹೆಸರು ಕದಲಲಿಲ್ಲ.

ಕಟ್ಟಡ ಇದೆಯೇ ಎಂದರೆ, ಇದೆ ಎನ್ನಲು ನಾಲಿಗೆ ಏಳುವುದಿಲ್ಲ. 2005ರಲ್ಲಿ ಬಾಲ್ಕನಿಯ ಒಂದು ಭಾಗ ಕುಸಿದು ಒಬ್ಬರು ಸತ್ತರು. ಜಗತ್ತಿನ ಅಪಾಯದಲ್ಲಿರುವ ನೂರು ಸ್ಮಾರಕಗಳ 2006ರ ಪಟ್ಟಿಯಲ್ಲೂ ಇದು ಇತ್ತು. 2019ರಲ್ಲಿ ಒಳಗಿದ್ದವರನ್ನೆಲ್ಲ ಹೊರಡಿಸಿದರು. ಕೆಡವಬೇಕೇ, ಉಳಿಸಬೇಕೇ ಎಂಬ ಜಗಳವೂ ಆಯಿತು. ನಾನು ಕೊನೆಯ ಸಲ ಹೋದಾಗ ಕೆಳಗೆ ತಗಡು, ಮೇಲೆ ಹಸಿರು ಬಲೆ. ನೀವು ಹೋದರೆ ಡೇವಿಡ್ ಸಸೂನ್ ಗ್ರಂಥಾಲಯದಿಂದ ಆರ್ಮಿ-ನೇವಿ ಕಟ್ಟಡ ದಾಟಿ, ಎದುರು ಬದಿಯ ಪಾದಚಾರಿ ದಾರಿಯಲ್ಲಿ ನಿಂತು ನೋಡಿ. ಕೆಳಗೆ ನಿಲ್ಲಬೇಡಿ.

ಕಾರ್ಡಿನಲ್ಲಿ ಕೋಣೆಯ ಸಂಖ್ಯೆ ಇದ್ದರೆ ದಯವಿಟ್ಟು ತಿಳಿಸಿ. ಅಪ್ಪ ಕೂರುತ್ತಿದ್ದದ್ದು ಮೂರನೆಯ ಮಹಡಿಯಲ್ಲಿ. ಮಧ್ಯಾಹ್ನ ಅವರ ಬುತ್ತಿಯ ಉಪ್ಪಿನಕಾಯಿಗೆ ಕುಂದಾಪುರದವರೊಬ್ಬರು ಬರುತ್ತಿದ್ದರು.