ಮನೆ ಮುಂದಿನ ಬೇವು: ಮಾರುವ ಮೊದಲು ಕಡಿಸಬೇಕೇ?

ಪ್ರಶ್ನೆ: ಕಲಬುರಗಿಯಲ್ಲಿ 30×40ರ ಪ್ಲಾಟಿನಲ್ಲಿ ನಮ್ಮ ಮನೆ ಇದೆ, ಮುಖ ಪಶ್ಚಿಮಕ್ಕೆ. ಕಾಂಪೌಂಡಿನ ಹೊರಗೆ ರಸ್ತೆಯಂಚಿಗೆ ದೊಡ್ಡ ಬೇವಿನ ಮರವಿದೆ. ಬೇರಿನಿಂದ ಫರ್ಸಿ (ಹಾಸುಗಲ್ಲು) ಎದ್ದಿದೆ, ಕಾಂಪೌಂಡ್ ಬಿರುಕು ಬಿಟ್ಟಿದೆ. ‘ಮರ ತೆಗೆಸಿ, ಎಲಿವೇಶನ್ (ಮನೆಯ ಮುಂಭಾಗ) ಕಾಣಿಸಿದರೆ ರೇಟು ಬರುತ್ತದೆ’ ಎನ್ನುತ್ತಾರೆ ಏಜೆಂಟರು. ಏನು ಮಾಡಲಿ?

ಉತ್ತರ: ಕಡಿಸಬೇಡಿ. ಪಶ್ಚಿಮದ ಗೋಡೆಗೆ ಮೇ ತಿಂಗಳ ಇಳಿಬಿಸಿಲು ತಗುಲಿದರೆ, ಅದು ಹೀರಿಕೊಂಡ ಕಾವು ರಾತ್ರಿಯೆಲ್ಲ ಒಳಗೆ ಬಿಡುತ್ತಲೇ ಇರುತ್ತದೆ. ಅದನ್ನು ತಡೆಯುತ್ತಿರುವುದು ನಿಮ್ಮ ಬೇವು. ಕೊಳ್ಳುವವರಿಗೆ ಮನೆಯನ್ನು ಬೆಳಿಗ್ಗೆ ಬೇಡ, ಸಂಜೆ ನಾಲ್ಕಕ್ಕೆ ತೋರಿಸಿ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಮನೆ ಮಾರಾಟಗಳನ್ನು ಲೆಕ್ಕಹಾಕಿ ಡೊನೊವನ್ ಮತ್ತು ಬಟ್ರಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೀದಿ ಮರಗಳಿಂದ ಮನೆಯ ಬೆಲೆಗೆ ಸರಾಸರಿ 8,870 ಡಾಲರ್ ಕೂಡಿತ್ತು, ಮಾರಾಟವೂ 1.7 ದಿನ ಬೇಗ ಆಗಿತ್ತು. 100 ಅಡಿಯೊಳಗಿನ ಅಕ್ಕಪಕ್ಕದ ಮನೆಗಳಿಗೂ ಲಾಭ ಸಿಕ್ಕಿತ್ತು. ಆ ಮೊತ್ತವನ್ನು ನಮ್ಮೂರಿಗೆ ಹೊಂದಿಸಲಾಗದು. ಆದರೆ ನಮ್ಮ ಬಿಸಿಲಲ್ಲಿ ನೆರಳಿನ ಬೆಲೆ ಇನ್ನೂ ಹೆಚ್ಚೇ ಎಂಬುದು ನಮ್ಮ ಅಭಿಪ್ರಾಯ.

ಬೆಲೆ ಇಳಿಸುವುದು ಬಿರುಕು. ನಿಮ್ಮ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಅಗಲವಾಗಿ ಆಗಸ್ಟ್‌ನಲ್ಲಿ ಮುಚ್ಚಿಕೊಳ್ಳುವ ಬಿರುಕು ಮಣ್ಣಿನದು. ಮರ ನೀರು ಹೀರಿ ಅದನ್ನು ಹೆಚ್ಚಿಸಿರಬಹುದು. ಬೇರು ತಾಗಿದಲ್ಲೇ ಗೋಡೆ ವಾಲಿದ್ದರೆ ಅದು ಬೇರಿನದು. ಗಮನಿಸಿ: ದೊಡ್ಡ ಮರ ಕಡಿದರೆ, ಅದು ಒಣಗಿಸಿಟ್ಟಿದ್ದ ಎರೆ ಮಣ್ಣು ಮತ್ತೆ ನೀರು ಕುಡಿದು ವರ್ಷಗಟ್ಟಲೆ ಉಬ್ಬುತ್ತದೆ. ಆಗ ಹೊಸ ಬಿರುಕು ಮನೆಗೇ ಬರಬಹುದು.

ಬುಡದ ಸುತ್ತ 4×4 ಅಡಿ ಫರ್ಸಿ ತೆಗೆಸಿ ಮಣ್ಣು ಬಿಡಿ, ಕಾಂಡಕ್ಕೆ ಮಣ್ಣು ಏರಿಸಬೇಡಿ. ಉಳಿದ ಫರ್ಸಿಯನ್ನು ಎರಡಿಂಚು ಮರಳಿನ ಮೇಲೆ ಕೂರಿಸಿ. ಸಿಮೆಂಟ್ ಹಾಕಿದರೆ ಮುಂದೆ ಎತ್ತಿ ಸರಿಪಡಿಸಲಾಗದು. ಕೈಬೆರಳಿಗಿಂತ ಬಹಳ ದಪ್ಪದ ಬೇರು ಕಡಿಯಬೇಡಿ, ಮರ ಗಾಳಿಗೆ ಉರುಳೀತು. ಅಲ್ಲಿ ಕಾಂಪೌಂಡಿನ ತಳ ಒಡೆದು, ಬೇರಿನ ಮೇಲೆ ಮೂರಿಂಚು ಸಂದು ಬಿಟ್ಟು ಆರ್‌ಸಿಸಿ ಬೀಮ್ ದಾಟಿಸಿ.

ಎಲಿವೇಶನ್ ಕಾಣಲು ಮರದ ತಲೆ ಕಡಿಸುವುದು ಬೇಡ. ಹಾಗೆ ಚಿಗುರಿದ ಕೊಂಬೆ ಬಿರುಗಾಳಿಗೆ ಮುರಿದು ಬೀಳುತ್ತದೆ. ಕೆಳಗಿನ ಕೊಂಬೆ ಮಾತ್ರ ತೆಗೆಸಿ, ಒಟ್ಟು ಹಸಿರಿನ ಕಾಲುಭಾಗ ಮೀರದಿರಲಿ. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಬೇಕು, ಆಮೇಲೆ ತುಸು ಹೊರಗೆ ಮೇಲಿನಿಂದ. ಕೊನೆಗೆ ಉಳಿದ ಮೋಟನ್ನು, ಕೊಂಬೆಯ ಬುಡದ ಉಬ್ಬು ಉಳಿಸಿ ತೆಗೆಯಬೇಕು. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸುಲಿದುಕೊಂಡು ಬರುತ್ತದೆ. ರಸ್ತೆಯ ಮರವಾದ್ದರಿಂದ ಮೊದಲು ಪಾಲಿಕೆಗೆ ಅರ್ಜಿ ಕೊಡಿ. ಕರೆಂಟ್ ತಂತಿಗೆ ತಾಗಿದ ಕೊಂಬೆಯನ್ನು ವಿದ್ಯುತ್ ಕಂಪನಿ ಜೆಸ್ಕಾಂನವರೇ ಲೈನ್ ಆಫ್ ಮಾಡಿ ತೆಗೆಯಲಿ. ಇನ್ನು ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು.

ಪ್ರಶ್ನೆ: ಬೀದರ್‌ನಲ್ಲಿ ನಮ್ಮ ಬಾಡಿಗೆ ಮನೆಯ ಮುಂದೆ 20 ಅಡಿ ರಸ್ತೆ, ಮೇಲೆ ಕರೆಂಟ್ ತಂತಿ. ಯಾವ ಗಿಡ ಹಾಕಲಿ?

ಉತ್ತರ: ತಂತಿಯ ಕೆಳಗೆ ಪಾರಿಜಾತದಂಥ ಚಿಕ್ಕ ಮರ ಸಾಕು. ಅರಳಿ, ಆಲ ಬೇಡವೇ ಬೇಡ, ಬೇರು ಗಟಾರ ಒಡೆಯುತ್ತದೆ. ಬೀದರ್‌ನ ಕೆಂಪು ಮುರಕಲ್ಲು ಗಟ್ಟಿ, ಆದ್ದರಿಂದ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿ. ತಳದಲ್ಲಿ ನೀರು ನಿಲ್ಲದಂತೆ ಕಲ್ಲನ್ನು ಇನ್ನಷ್ಟು ಒಡೆಸಿ. ಜೂನ್‌ನಲ್ಲಿ ನೆಟ್ಟು, ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ಎರಡೆರಡು ಕೊಡ ನೀರು ಹಾಕಿ.