ಹಳೆ ಬೇಸ್ ಗಿಟಾರ್ ತಂದಿದ್ದೇನೆ, ರಿಪೇರಿ ಮಾಡಲಾ ಇಲ್ಲ ಮಾರಿ ಹೊಸದು ತಗೊಳ್ಳಲಾ?

ಕಟಪಾಡಿಯಲ್ಲಿ ಒಬ್ಬರ ಮನೆಯಿಂದ ಆರು ಸಾವಿರಕ್ಕೆ ಹಳೆ ಬೇಸ್ ಗಿಟಾರ್ ತಂದಿದ್ದೀರಿ. ತಂತಿ ಬೆರಳಿಗೆ ನೋವಾಗುವಷ್ಟು ಮೇಲೆ ಎದ್ದಿದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ, ಕೇಬಲ್ ಅಲುಗಾಡಿದರೆ ಸದ್ದೇ ಹೋಗುತ್ತದೆ, ಅದರ ಮೇಲೆ ಯಾವಾಗಲೂ ಒಂದು ಗುಂಯ್ ಶಬ್ದ. ಇದಕ್ಕೆ ದುಡ್ಡು ಹಾಕುವುದಾ, ಮಾರಿಬಿಡುವುದಾ ಅಂತ ಕೇಳಿದ್ದೀರಿ. ಮಾರಬೇಡಿ. ಕಡೇಪಕ್ಷ ನೆಕ್, ಅಂದರೆ ತಂತಿ ಹಾಯುವ ಉದ್ದ ಹಿಡಿ, ನೋಡುವ ತನಕ ಮಾರಬೇಡಿ. ನೀವು ಬರೆದ ನಾಲ್ಕು ತೊಂದರೆಗಳಲ್ಲಿ ಮೂರಂತೂ ಬರೀ ನೂರಿನ್ನೂರು ರೂಪಾಯಿಯ ಕೆಲಸ. ತಂತಿ ಎದ್ದಿದೆ ಅಂದಿರಲ್ಲ, ಇಟ್ಟುಕೊಳ್ಳಬೇಕಾ ಬೇಡವಾ ಅಂತ ಹೇಳುವುದು ಅದೊಂದೇ.

ನಾನು ಮಂಗಳೂರಿನ ಕುಲಶೇಖರದವನು. ನನ್ನ ಬೇಸ್ ಕೂಡ ಹೀಗೇ ಬಂದದ್ದು. ರೋಸ್ (ಇಲ್ಲಿನ ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಮದುವೆ ಅಂತ ಊರೆಲ್ಲ ನುಡಿಸುತ್ತಿದ್ದ ಒಬ್ಬರು ಗಲ್ಫಿಗೆ ಹೋಗುವಾಗ ಮನೆಯ ಅಟ್ಟದಲ್ಲಿ ಇಟ್ಟು ಹೋಗಿದ್ದರು, ಹತ್ತು ಹನ್ನೆರಡು ಮಳೆಗಾಲ ಅದು ಅಲ್ಲೇ ಇತ್ತು. ಮನೆಗೆ ತಂದು ಕೇಬಲ್ ಚುಚ್ಚಲು ಹೋದರೆ ಒಳಗೇ ಹೋಗಲಿಲ್ಲ. ಟಾರ್ಚ್ ಹಿಡಿದು ನೋಡಿದೆ, ಜಾಕಿನ ತೂತು ತುಂಬ ಕೆಂಪು ಮಣ್ಣು. ಕುಂಬಾರ ಹುಳ ಗೂಡು ಕಟ್ಟಿತ್ತು. ಹೇರ್‌ಪಿನ್ನಿನಿಂದ ಮೆಲ್ಲಗೆ ಕೆರೆದರೆ ಮಣ್ಣಿನ ಜೊತೆ ಒಣಗಿದ ಜೇಡಗಳು, ಅದೂ ಬರೀ ಕಾಲುಗಳು, ಪುಡಿಯಾಗಿ ಅಂಗೈ ಮೇಲೆ ಬಿದ್ದವು. ಆ ಜಾಕನ್ನು ಒರೆಸಿ, ಎರಡು ವೈರ್ ಮತ್ತೆ ಬೆಸುಗೆ ಹಾಕಿ, ಇವತ್ತಿಗೂ ಅದರಲ್ಲೇ ನುಡಿಸುತ್ತಿದ್ದೇನೆ. ಅದಕ್ಕೇ ಹೇಳುವುದು, ಹೊರಗಿನಿಂದ ನೋಡಿ ಹೆದರಬೇಡಿ.

ಈಗ ನೆಕ್ ವಿಷಯ. ಇದನ್ನು ಅವಸರ ಮಾಡದೆ ಓದಿ. ಬೇಸಿನ ನಾಲ್ಕು ತಂತಿ ಟ್ಯೂನ್ ಆಗಿ ನಿಂತಾಗ ನೆಕ್ ಮೇಲೆ ಸುಮಾರು 80 ಕೆ.ಜಿ. ಎಳೆತ ಇರುತ್ತದೆ. ಒಂದೂವರೆ ಮೂಟೆ ಅಕ್ಕಿಯ ಭಾರ ಹಗಲು ರಾತ್ರಿ ಎಳೆಯುತ್ತಿದೆ ಅಂದುಕೊಳ್ಳಿ. ಅದಕ್ಕೆ ಎದುರಾಗಿ ಎಳೆಯಲು ನೆಕ್ ಒಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಟ್ರಸ್ ರಾಡ್ ಅಂತಾರೆ. ಇವೆರಡರ ನಡುವೆ ಸಮ ಇದ್ದರೆ ನೆಕ್ ಹೆಚ್ಚುಕಮ್ಮಿ ನೇರ, ಚೂರು ಮಾತ್ರ ಮುಂದಕ್ಕೆ ಬಾಗಿರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ, ಮತ್ತೆ ಫೆಬ್ರವರಿ ಮಾರ್ಚಿನಲ್ಲಿ ಒಣ ಬಿಸಿಲು. ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಯಾರೂ ಮುಟ್ಟದೆ ವರ್ಷಗಟ್ಟಲೆ ಹೀಗೆ ಆದರೆ ಆ ಸಮ ತಪ್ಪಿಯೇ ತಪ್ಪುತ್ತದೆ. ಇದು ಗಿಟಾರ್ ಹಾಳಾಗಿರುವುದಲ್ಲ, ಅದನ್ನು ನೋಡಿಕೊಳ್ಳುವವರು ಇರಲಿಲ್ಲ ಅಷ್ಟೇ.

ನೋಡುವುದು ಹೀಗೆ. ಟ್ಯೂನ್ ಮಾಡಿ, ನುಡಿಸುವ ಹಾಗೇ ತೊಡೆ ಮೇಲೆ ಇಟ್ಟುಕೊಳ್ಳಿ. ದಪ್ಪ ಇ ತಂತಿಯನ್ನು ಎಡಗೈಯಲ್ಲಿ ಮೊದಲನೇ ಫ್ರೆಟ್ಟಿನಲ್ಲಿ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್) ಒತ್ತಿ, ಬಲಗೈಯಲ್ಲಿ ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಒತ್ತಿ. ಈಗ ತಂತಿಯೇ ನಿಮಗೆ ಗೆರೆಕೋಲು. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಯ ಅಡಿಗೆ ಇನ್ನೊಬ್ಬರ ಕೈಯಲ್ಲಿ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಕಾರ್ಡ್ ಹಿಡಿಯುವಷ್ಟೇ ಸಂದು, ಅಂದರೆ 0.3 ಮಿಲಿಮೀಟರ್ ಆಸುಪಾಸು ಇದ್ದರೆ ನೆಕ್ ಸರಿ ಇದೆ, ತಂತಿ ಎದ್ದಿರುವುದಕ್ಕೆ ಬ್ರಿಡ್ಜಿನ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಭಾಗ) ಸ್ಯಾಡಲ್, ಅಂದರೆ ಒಂದೊಂದು ತಂತಿಯನ್ನು ಹೊರುವ ತುಂಡು, ಅದರ ಎತ್ತರವೇ ಕಾರಣ ಇರಬಹುದು. ಐದಾರು ಕಾರ್ಡ್ ಹೋಗುವಷ್ಟು ಸಂದು ಇದ್ದರೆ ನೆಕ್ ಮುಂದಕ್ಕೆ ಬಾಗಿದೆ. ಸಂದೇ ಇಲ್ಲ, ತಂತಿ ಫ್ರೆಟ್ಟಿಗೆ ಅಂಟಿದೆ ಅಂದರೆ ಹಿಂದಕ್ಕೆ ಬಾಗಿದೆ.

ಟ್ರಸ್ ರಾಡ್ ನಟ್ ಕೆಲವದರಲ್ಲಿ ತಲೆ ಕಡೆ ಇರುತ್ತದೆ, ಕೆಲವದರಲ್ಲಿ ನೆಕ್ಕಿನ ಬುಡದಲ್ಲಿ. ಸರಿಯಾದ ಅಳತೆಯ ಅಲೆನ್ ಕೀ ಬೇಕು, ಇದರಲ್ಲಿ ರಾಜಿ ಬೇಡ, ಸಡಿಲ ಕೀ ಹಾಕಿ ತಿರುಗಿಸಿ ನಟ್ಟಿನ ಮೂಲೆ ಸವೆದು ಹೋಯಿತು ಅಂದರೆ ಆಮೇಲೆ ದೊಡ್ಡ ಮಂಡೆಬಿಸಿ. ತಂತಿ ಸ್ವಲ್ಪ ಸಡಿಲ ಮಾಡಿಕೊಳ್ಳಿ. ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಮುಂದೆ ಬಾಗಿದ ನೆಕ್ ನೇರವಾಗುತ್ತದೆ. ಎಡಕ್ಕೆ ತಿರುಗಿಸಿದರೆ ಸಡಿಲ. ಕಾಲು ಸುತ್ತು ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಮೂಲೆಯಲ್ಲಿ ಇಟ್ಟು ಮಲಗಿ. ಮರುದಿನ ಮತ್ತೆ ಕಾರ್ಡ್ ಹಾಕಿ ನೋಡಿ. ನನ್ನದಕ್ಕೆ ಐದು ದಿನ ಹಿಡಿಯಿತು. ಮೂರನೇ ದಿನ ರಾತ್ರಿ ಟ್ಯೂನ್ ಮಾಡುವಾಗ ನೆಕ್ಕಿನ ಒಳಗಿಂದ ಟಕ್ ಅಂತ ಸಣ್ಣ ಸದ್ದು ಬಂತು, ಮುರಿಯಿತೇನೋ ಅಂತ ಎದೆ ಧಸಕ್ ಅಂದಿತು. ಏನೂ ಆಗಿರಲಿಲ್ಲ. ಬೆಳಗ್ಗೆ ನೋಡಿದರೆ ಹನ್ನೆರಡನೇ ಫ್ರೆಟ್ಟಿನಲ್ಲಿ ನಾಲ್ಕು ಮಿಲಿಮೀಟರ್ ಮೇಲಿದ್ದ ತಂತಿ ಮೂರಕ್ಕೆ ಇಳಿದಿತ್ತು. ಕೊನೆಗೆ ಸ್ಯಾಡಲ್ ಇಳಿಸಿ ಇ ತಂತಿಯನ್ನು ಎರಡೂವರೆಗೆ, ಸಪೂರ ಜಿ ತಂತಿಯನ್ನು ಎರಡಕ್ಕೆ ನಿಲ್ಲಿಸಿದೆ. ಅದಕ್ಕಿಂತ ಇಳಿಸಿದರೆ ನನ್ನ ಕೈಗೆ ಫ್ರೆಟ್ ಸದ್ದು ಬರುತ್ತದೆ.

ನಟ್ ಪೂರ್ತಿ ಬಿಗಿಯಾಗಿ ಇನ್ನು ತಿರುಗುವುದಿಲ್ಲ, ಆದರೂ ನೆಕ್ ಬಾಗಿಯೇ ಇದೆ ಅಂತಾದರೆ ಬಲ ಹಾಕಬೇಡಿ. ಹಾಗೇ ತಲೆ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ನೆಕ್ ಹಗ್ಗದ ಹಾಗೆ ತಿರುಚಿಕೊಂಡಿದೆಯಾ ಅಂತ. ಈ ಎರಡರಲ್ಲಿ ಒಂದು ಇದ್ದರೆ ಮಾತ್ರ ಮಾರುವ ಯೋಚನೆ ಮಾಡಿ, ತಗೊಳ್ಳುವವರಿಗೆ ಇದನ್ನು ಹೇಳಿಯೇ ಮಾರಿ.

ಸ್ಯಾಡಲಿನ ಸಣ್ಣ ಸ್ಕ್ರೂಗಳು ನಮ್ಮ ಉಪ್ಪು ಗಾಳಿಗೆ ತುಕ್ಕು ಹಿಡಿದು ಕೂತಿರುತ್ತವೆ. ಒಂದೊಂದು ಹನಿ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಆಮೇಲೆ ತಿರುಗಿಸಿ. ಸ್ಟ್ರಾಪ್ ಕಟ್ಟುವ ಗುಂಡಿ ಸಡಿಲ ಇದ್ದರೆ ಊದಿನಕಡ್ಡಿಯ ಬಿದಿರು ತುಂಡು ಮುರಿದು ಫೆವಿಕಾಲ್ ಹಚ್ಚಿ ತೂತಿಗೆ ತುಂಬಿ, ಒಣಗಿದ ಮೇಲೆ ಅದೇ ಸ್ಕ್ರೂ ಹಾಕಿ. ಗಟ್ಟಿ ನಿಲ್ಲುತ್ತದೆ.

ಕರಕರ ಶಬ್ದ ವಾಲ್ಯೂಮ್ ಪಾಟಿನ (ವಾಲ್ಯೂಮ್ ಗುಂಡಿಯ ಕೆಳಗೆ ತಿರುಗುವ ಬಿಡಿಭಾಗ) ಒಳಗಿನ ಧೂಳು. ಹಿಂದಿನ ಮುಚ್ಚಳ ಅಥವಾ ಮುಂದಿನ ಪ್ಲೇಟ್ ಬಿಚ್ಚಿ, ಪಾಟಿನ ಪಕ್ಕದ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಹೊಡೆದು, ಆ ಕಡೆ ಈ ಕಡೆ ಮೂವತ್ತು ಸಲ ತಿರುಗಿಸಿ. ಸೈಕಲ್ ಚೈನಿಗೆ ಹೊಡೆಯುವ ಸ್ಪ್ರೇ ಬೇಡ, ಅದು ಒಳಗೆ ಜಿಡ್ಡು ಬಿಡುತ್ತದೆ. ಆಗಲೂ ಹೋಗದಿದ್ದರೆ ಪಾಟ್ ಬದಲಾಯಿಸಿ. ಹೆಚ್ಚಿನ ಸಾದಾ ಬೇಸುಗಳಲ್ಲಿ 250 ಕಿಲೋಓಮ್ ಇರುತ್ತದೆ, ಮೈ ಮೇಲೆ ಬರೆದಿರುತ್ತದೆ. ಬಿಡಿಭಾಗದ ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ ತೋರಿಸುವುದು ಒಳ್ಳೆದು. ಕೇಬಲ್ ಅಲುಗಾಡಿದಾಗ ಸದ್ದು ಹೋಗುವುದು ಜಾಕಿನ ತಗಡು ಸಡಿಲ ಆಗಿರುವುದರಿಂದ, ಇಲ್ಲವೇ ಬೆಸುಗೆ ಬಿಟ್ಟಿರುವುದರಿಂದ. ತಗಡನ್ನು ಚೂರು ಒಳಕ್ಕೆ ಬಗ್ಗಿಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಬೆಸುಗೆ ಹಾಕಲು ಬರುವುದಿಲ್ಲ ಅಂದರೆ ರೇಡಿಯೋ ಟಿವಿ ರಿಪೇರಿ ಮಾಡುವ ಯಾರಾದರೂ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ, ಗಿಟಾರ್ ಗೊತ್ತಿರಲೇಬೇಕು ಅಂತಿಲ್ಲ.

ಗುಂಯ್ ಶಬ್ದಕ್ಕೆ ಒಂದು ಪರೀಕ್ಷೆ ಉಂಟು. ತಂತಿಗೆ ಕೈ ಇಟ್ಟಾಗ ಶಬ್ದ ಕಮ್ಮಿಯಾದರೆ ವೈರಿಂಗ್ ಸರಿ ಇದೆ. ತಂತಿ ಮುಟ್ಟಿದಾಗ ಏನೂ ಆಗದೆ, ಕೇಬಲಿನ ಲೋಹದ ಭಾಗ ಮುಟ್ಟಿದಾಗ ಕಮ್ಮಿಯಾದರೆ, ಬ್ರಿಡ್ಜಿನ ಅಡಿಗೆ ಹೋಗುವ ವೈರ್ ತುಂಡಾಗಿದೆ. ಹಳೆಯದರಲ್ಲಿ ಇದು ತುಂಬ ಸಾಮಾನ್ಯ. ಎರಡು ಉದ್ದ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ಇರುವ ಜಾಝ್ ಬೇಸ್ ಥರದ್ದಾದರೆ ಎರಡೂ ವಾಲ್ಯೂಮ್ ಪೂರ್ತಿ ತೆರೆದು ನೋಡಿ, ಶಬ್ದ ನಿಂತರೆ ಅದು ಕೆಟ್ಟದ್ದಲ್ಲ, ಆ ವಿನ್ಯಾಸವೇ ಹಾಗೆ. ಅಂದಹಾಗೆ ನಮ್ಮ ಕರೆಂಟ್ 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಆ ಗುಂಯ್ ಶಬ್ದ ಹೆಚ್ಚುಕಮ್ಮಿ ಅದೇ ಸ್ವರದಲ್ಲಿ, ಚೂರು ಮೇಲೆ ನಿಂತಿರುತ್ತದೆ. ಜಿ ನುಡಿಸುವಾಗ ಏನೋ ಸರಿ ಇಲ್ಲ, ಅಲೆ ಅಲೆಯಾಗಿ ಕೇಳುತ್ತದೆ ಅಂತ ನನಗೆ ಬಹಳ ದಿನ ಅನ್ನಿಸುತ್ತಿತ್ತು, ಕಾರಣ ಇದೇ.

ಇಲ್ಲಿ ಒಂದು ಮಾತು ದಯವಿಟ್ಟು ಕೇಳಿ. ಆಂಪ್ಲಿಫೈಯರಿನ ಮೂರು ಪಿನ್ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಬೇಡಿ. ಬೇಸಿನ ತಂತಿಗಳು ಅರ್ತಿಗೆ ಸೇರಿರುತ್ತವೆ. ಒಮ್ಮೆ ಮಳೆಗಾಲದಲ್ಲಿ ಒಂದು ಹಾಲ್‌ನಲ್ಲಿ ನುಡಿಸುವಾಗ ಯಾರೋ ಹಾಗೆ ಎರಡು ಪಿನ್ನಿಗೆ ಹಾಕಿದ್ದರು. ಕೈ ತಂತಿಯ ಮೇಲೆ ಇತ್ತು, ಹಾಡಲು ಮೈಕಿಗೆ ತುಟಿ ತಾಗಿದ್ದೇ ತಡ, ಸೂಜಿ ಚುಚ್ಚಿದ ಹಾಗೆ ಹೊಡೆಯಿತು. ಸಣ್ಣದರಲ್ಲಿ ಹೋಯಿತು. ನೆಲ ಒದ್ದೆ ಇದ್ದು ಬರಿಗಾಲಲ್ಲಿ ನಿಂತಿದ್ದರೆ ಏನಾಗುತ್ತಿತ್ತೋ. ಅರ್ತಿಂಗ್ ಸರಿ ಇದೆಯಾ ಅಂತ ಕೇಳಿಯೇ ಈಗ ನಾನು ಕೇಬಲ್ ಹಾಕುವುದು.

ತಂತಿ ಹೊಸದು ಬೇಕಾ? ತುಕ್ಕು ಬೆರಳಿಗೆ ತಾಗುತ್ತಿದ್ದರೆ ಬೇಕು, ಅದು ಫ್ರೆಟ್ಟನ್ನೂ ತಿನ್ನುತ್ತದೆ. ತುಕ್ಕಿಲ್ಲ, ಬರೀ ಮಂಕಾಗಿವೆ ಅಂದರೆ ಸ್ವಲ್ಪ ದಿನ ಹಾಗೇ ನುಡಿಸಿ. ಡೆಟ್ರಾಯ್ಟಿನ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಇದ್ದರಲ್ಲ, ಅವರು 1962ರ ಫೆಂಡರ್ ಪ್ರಿಸಿಷನ್ ಬೇಸಿಗೆ ಚಪ್ಪಟೆ ಸುತ್ತಿನ ತಂತಿ ಹಾಕಿ, ತುಂಡಾಗದೆ ಬದಲಾಯಿಸುತ್ತಿರಲಿಲ್ಲ. ಬಲಗೈಯ ಒಂದೇ ತೋರುಬೆರಳಲ್ಲಿ ನುಡಿಸುತ್ತಿದ್ದರು. ಆ ದುಂಡಗಿನ, ಮಂದ್ರದ ಸದ್ದಿಗೆ ಹಳೆ ತಂತಿಯೂ ಒಂದು ಕಾರಣ. ಹೊಸದು ಹಾಕುವುದಾದರೆ 45ರಿಂದ 105 ದಪ್ಪದ ಸೆಟ್ ಸಾಕು, ಮತ್ತು ತಂತಿ ಬದಲಾಯಿಸಿದ ಮೇಲೆ ನೆಕ್ಕನ್ನು ಮತ್ತೊಮ್ಮೆ ಕಾರ್ಡ್ ಹಾಕಿ ನೋಡಲೇಬೇಕು. ತಂತಿ ಬಿಚ್ಚಿದಾಗ ಫ್ರೆಟ್‌ಬೋರ್ಡಿನ ಕೊಳೆ ತೆಗೆಯಿರಿ. ಕಪ್ಪು ಕಂದು ಬಣ್ಣದ ಬೀಟೆ ಜಾತಿಯ ಮರವಾದರೆ ಅದಕ್ಕೆಂದೇ ಸಿಗುವ ಎಣ್ಣೆ ಎರಡು ಹನಿ ಹಚ್ಚಿ ಒರೆಸಿ. ಅಡುಗೆಮನೆಯ ಎಣ್ಣೆ ಬೇಡ, ಹಳಸುತ್ತದೆ. ಮಿರುಗುವ ಮೇಪಲ್ ಆದರೆ ಒದ್ದೆ ಬಟ್ಟೆ ಸಾಕು.

ಕೊನೆಗೆ ಇಂಟೊನೇಷನ್, ಅಂದರೆ ನೆಕ್ಕಿನ ಉದ್ದಕ್ಕೂ ಸ್ವರ ಸರಿಯಾಗಿ ಬರುವ ಹಾಗೆ ಮಾಡುವುದು. ಹನ್ನೆರಡನೇ ಫ್ರೆಟ್ ಒತ್ತಿ ನುಡಿಸಿದ ಸ್ವರ ಟ್ಯೂನರಿನಲ್ಲಿ ಮೇಲೆ ತೋರಿಸಿದರೆ ಸ್ಯಾಡಲನ್ನು ಹಿಂದಕ್ಕೆ, ಕೆಳಗೆ ತೋರಿಸಿದರೆ ಮುಂದಕ್ಕೆ ಸರಿಸಿ.

ಇಷ್ಟೇ ಮಾಡಿ, ಇನ್ನು ಮುಟ್ಟಬೇಡಿ. ಪೇಂಟ್ ಹೊಡೆಸುವುದು, ಗೀರು ತುಂಬಿಸುವುದು, ದುಬಾರಿ ಪಿಕಪ್ ತರಿಸುವುದು ಈಗ ಬೇಡ. ನನ್ನದರ ಮೇಲಂಚಿನಲ್ಲಿ ಮುಂಗೈ ಉಜ್ಜಿ ಉಜ್ಜಿ ಅಂಗೈ ಅಗಲ ಬಣ್ಣ ಹೋಗಿ ಮರ ಕಾಣುತ್ತದೆ. ಗಲ್ಫಿಗೆ ಹೋದ ಅವರು ಎಷ್ಟು ವರ್ಷ ನುಡಿಸಿದ್ದರೋ. ನನ್ನ ಕೈಯೂ ಸರಿಯಾಗಿ ಅಲ್ಲಿಗೇ ಬಂದು ಕೂರುತ್ತದೆ, ಅಲ್ಲಿ ಮರ ನುಣುಪಾಗಿ, ಸೆಕೆಯಲ್ಲೂ ಕೈಗೆ ಅಂಟುವುದಿಲ್ಲ. ಹೊಸ ಬೇಸಿನಲ್ಲಿ ಈ ಸುಖ ಇಲ್ಲ.

ಒಳ್ಳೆ ಆಂಪ್ ಇಲ್ಲ ಅಂತ ಸುಮ್ನೆ ಕೂರಬೇಡಿ. ಮನೆಯಲ್ಲಿ ಮರದ ಕಪಾಟು ಇದೆಯಲ್ವಾ, ಬೇಸಿನ ತಲೆಯನ್ನು ಅದರ ಬಾಗಿಲಿಗೆ ಮೆಲ್ಲಗೆ ತಾಗಿಸಿ ಇ ತಂತಿ ಮೀಟಿ. ಕಪಾಟೇ ಸ್ಪೀಕರ್ ಆಗುತ್ತದೆ. ನಮ್ಮ ಮನೆಯ ಹಲಸಿನ ಮರದ ಕಪಾಟಿಗೆ ಮೊದಲ ಸಲ ಹಾಗೆ ಇಟ್ಟು ಮೀಟಿದಾಗ ಒಳಗೆ ಜೋಡಿಸಿದ್ದ ಸ್ಟೀಲ್ ಲೋಟಗಳು ಝುಂ ಅಂದವು, ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲ ಮೇಲೆ ಕೈ ಇಟ್ಟು, ಇನ್ನೊಂದು ಸಲ ಮಾಡು ಅಂದರು. 41 ಹರ್ಟ್ಸ್ ಸದ್ದು ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ. ಫೋನಿನ ಸ್ಪೀಕರಿನಲ್ಲಿ ಆ ಸದ್ದು ಬರುವುದೇ ಇಲ್ಲ. ಹಾಗಾಗಿ ಕೇಳಿ ಕಲಿಯುವಾಗ ಹೆಡ್‌ಫೋನ್ ಹಾಕಿ, ಇಳಯರಾಜಾ ಸಂಗೀತದ 80ರ ದಶಕದ ಯಾವುದೇ ಹಾಡು ಹಾಕಿ, ಹಾಡುವವರನ್ನು ಬಿಟ್ಟು ಕೆಳಗಿನ ಬೇಸನ್ನೇ ಕೊನೆಯ ತನಕ ಹಿಂಬಾಲಿಸಿ. ಅದು ಇನ್ನೊಂದೇ ಹಾಡು.

ಆಮೇಲೆ ಬೇರೆಯವರ ಜೊತೆ ನುಡಿಸಿ. ಇಗರ್ಜಿಯ ಕೊಯರ್, ಊರಿನ ರಸಮಂಜರಿ ತಂಡ, ಶಕ್ತಿನಗರದ ಕಲಾಂಗಣದ ತಿಂಗಳ ಕೊಂಕಣಿ ವೇದಿಕೆಯಲ್ಲಿ ನುಡಿಸುವವರು, ಹೀಗೆ ಯಾರ ಪರಿಚಯವಾದರೂ ಮಾಡಿಕೊಳ್ಳಿ. ಗಿಟಾರ್ ನುಡಿಸುವವರು ಒಂದು ಬೀದಿಗೆ ನಾಲ್ಕು ಜನ ಸಿಗುತ್ತಾರೆ, ಬೇಸ್ ನುಡಿಸುವವರು ಸಿಗುವುದಿಲ್ಲ, ಕರೆದು ಕೂರಿಸುತ್ತಾರೆ. ಶುರುವಿಗೆ ಗಿಟಾರಿನವರು ನುಡಿಸುವ ಸ್ವರಗುಚ್ಛದ (chord) ಮೂಲ ಸ್ವರ ಮಾತ್ರ ಸಾಕು, ಆದರೆ ಡ್ರಮ್ಮಿನ ಕಾಲಿನ ಪೆಟ್ಟಿಗೆ ಸರಿಯಾಗಿ ಬೀಳಬೇಕು, ಮತ್ತು ಬೆರಳು ಯಾವಾಗ ಎತ್ತುತ್ತೀರಿ ಅನ್ನುವುದೂ ಯಾವಾಗ ಇಡುತ್ತೀರಿ ಅನ್ನುವಷ್ಟೇ ಮುಖ್ಯ. ಭಾನುವಾರ ಬೆಳಗ್ಗೆ ಕೊಯರ್‌ನಲ್ಲಿ ಎಲ್ಲರೂ ಹಾಡುತ್ತಿರುವಾಗ ನಾನು ಒಂದು ಉದ್ದ ಎ ಸ್ವರ ಹಿಡಿದು ತಟ್ಟನೆ ನಿಲ್ಲಿಸಿದರೆ, ಹಾಡುವವರಲ್ಲಿ ಇಬ್ಬರಾದರೂ ತಿರುಗಿ ನೋಡುತ್ತಾರೆ.

ಮಳೆ ಶುರುವಾಗುವ ಮೊದಲು ಬೇಸನ್ನು ಹೊರಗೋಡೆಗೆ ಒರಗಿಸಿ ಇಡುವುದನ್ನು ನಿಲ್ಲಿಸಿ, ಕೆಂಪುಕಲ್ಲಿನ ಗೋಡೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬೆವರುತ್ತದೆ. ಚೀಲದಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣ ಇಡಿ, ನುಡಿಸಿದ ಮೇಲೆ ತಂತಿಯನ್ನು ಮೇಲೂ ಕೆಳಗೂ ಹತ್ತಿ ಬಟ್ಟೆಯಿಂದ ಒರೆಸಿ. ವಾರಕ್ಕೆರಡು ಸಲವಾದರೂ ಹೊರಗೆ ತೆಗೆದು ನುಡಿಸಿ, ಮುಚ್ಚಿಟ್ಟರೇ ಬೂಸ್ಟು ಹಿಡಿಯುವುದು ಜಾಸ್ತಿ. ನಾಳೆ ಕಾರ್ಡ್ ಹಾಕಿ ನೋಡಿ, ಎಷ್ಟು ಸಂದು ಇದೆ ಅಂತ ಇಲ್ಲೇ ಬರೆಯಿರಿ. ನಟ್ ಎಲ್ಲಿದೆ ಅಂತ ಗೊತ್ತಾಗದಿದ್ದರೆ ತಲೆಯ ಕಡೆಯದ್ದೊಂದು, ಬುಡದ ಕಡೆಯದ್ದೊಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.