ಕ್ವೊಕ್ಕಾ ಒಳ್ಳೆ ತಾಯಿ, ಕಡಲಾಮೆ ಅಲ್ವಾ?

ನೀವು ಕೇಳಿದ್ದು: ಆಸ್ಟ್ರೇಲಿಯಾದ ಕ್ವೊಕ್ಕಾ ಒಂದೇ ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟು ಸಾಕುತ್ತದೆ, ಕಡಲಾಮೆ ನೂರು ಮೊಟ್ಟೆ ಇಟ್ಟು ಬಿಟ್ಟು ಹೋಗುತ್ತದೆ. ಹಾಗಾದರೆ ಆಮೆಗೆ ಮರಿಗಳ ಮೇಲೆ ಮಮತೆಯೇ ಇಲ್ವಾ?

ಕುಂದಾಪುರದ ಹತ್ತಿರ ಕೋಡಿ ಕಡಲತೀರದಲ್ಲಿ ಒಂದು ರಾತ್ರಿ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡುವುದನ್ನು ನೋಡಿದೆ. ಅಲ್ಲಿಯವರೆಗೆ ನಾನೂ ನಿಮ್ಮ ಹಾಗೇ ಅಂದುಕೊಂಡಿದ್ದೆ. ಗುಂಡಿ ತೋಡಿದ್ದು ಹಿಂಗಾಲುಗಳಲ್ಲಿ. ಬಲಗಾಲನ್ನು ಅಂಗೈ ಥರ ಮಡಚಿ ಒಂದು ಹಿಡಿ ಮರಳು ಎತ್ತಿ ಪಕ್ಕಕ್ಕೆ ಹಾಕುವುದು, ಆಮೇಲೆ ಎಡಗಾಲು, ಮತ್ತೆ ಬಲಗಾಲು. ಗುಂಡಿ ಆಮೆಯ ಕಣ್ಣಿಗೆ ಕಾಣುವುದೇ ಇಲ್ಲ, ಆದರೂ ಅಂಚು ಕುಸಿಯಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ಅಳು ಅಲ್ಲ, ಮೈಯಲ್ಲಿ ಜಾಸ್ತಿಯಾದ ಉಪ್ಪು ಹಾಗೆ ಹೊರಗೆ ಹೋಗುತ್ತದೆ. ಮೊಟ್ಟೆ ಇಟ್ಟು ಮರಳು ಮುಚ್ಚಿದ ಮೇಲೆ ಇಡೀ ಮೈಯನ್ನು ಆಚೆ ಈಚೆ ಓಲಾಡಿಸಿ, ಎದೆಚಿಪ್ಪಿನಿಂದ ಧಪ್ ಧಪ್ ಅಂತ ಕುಟ್ಟಿ ಗಟ್ಟಿ ಮಾಡಿತು. ಸುಸ್ತಾಗಿ ಅಲ್ಲಲ್ಲಿ ನಿಲ್ಲುತ್ತಾ ನೀರಿಗೆ ಇಳಿಯಿತು.

ಆಮೆಯ ಆರೈಕೆ ಅಲ್ಲಿಗೆ ಮುಗಿಯಿತು, ನಿಜ. ಮುಂದಿನ 45ರಿಂದ 60 ದಿನ ಮರಳಿನ ಬಿಸಿಯೇ ಕಾವು ಕೊಡುತ್ತದೆ. ಮರಳು ಬಿಸಿ ಜಾಸ್ತಿ ಇದ್ದರೆ ಹೆಣ್ಣುಮರಿ, ತಂಪಾಗಿದ್ದರೆ ಗಂಡು.

ಈಗ ಕ್ವೊಕ್ಕಾ. ಬೆಕ್ಕಿನಷ್ಟೇ ದೊಡ್ಡ ಪ್ರಾಣಿ, ಪಶ್ಚಿಮ ಆಸ್ಟ್ರೇಲಿಯಾದ ರಾಟ್‌ನೆಸ್ಟ್ ದ್ವೀಪದಲ್ಲಿ ಜಾಸ್ತಿ ಇದೆ. ಬಸುರಿ ಬರೀ 27 ದಿನ. ಕಾಳಿನಷ್ಟು ಪುಟ್ಟ ಮರಿ ಚೀಲಕ್ಕೆ ಹತ್ತಿ ಸುಮಾರು ಆರು ತಿಂಗಳು ಅಲ್ಲೇ ಬೆಳೆಯುತ್ತದೆ. ಆದರೆ ಜೀವಕ್ಕೇ ಕುತ್ತು ಬಂದು ತಾಯಿ ಓಡುವಾಗ ಚೀಲದ ಹಿಡಿತ ಸಡಿಲವಾಗಿ ಮರಿ ಕೆಳಗೆ ಬೀಳುವುದುಂಟು. ಬೆನ್ನಟ್ಟಿದ ಪ್ರಾಣಿ ಮರಿಯ ಕಡೆ ತಿರುಗಿದರೆ ತಾಯಿ ಪಾರು. ಇನ್ನೊಂದು ಸಂಗತಿ ಕೇಳಿ. ಹೆತ್ತ ಸ್ವಲ್ಪದರಲ್ಲೇ ಅದು ಮತ್ತೆ ಕೂಡುತ್ತದೆ, ಆ ಭ್ರೂಣ ಬೆಳೆಯದೆ ಒಳಗೆ ಕಾಯುತ್ತಿರುತ್ತದೆ. ಚೀಲದ ಮರಿ ಬೇಗ ಸತ್ತರೆ ಅದು ಬೆಳೆಯಲು ಶುರುವಾಗುತ್ತದೆ.

ಅಂದರೆ ಮರಿ ಉಳಿಯದೇ ಹೋಗಬಹುದು ಅನ್ನುವ ಲೆಕ್ಕ ಇಬ್ಬರ ಮೈಯಲ್ಲೂ ಇದೆ. ಆಮೆಯದು ಒಂದೇ ಗುಂಡಿಯಲ್ಲಿ ನೂರು ಮೊಟ್ಟೆ, ಕ್ವೊಕ್ಕಾದ್ದು ಒಳಗೆ ಅಡಗಿರುವ ಇನ್ನೊಂದು ಜೀವ. ಆಮೆಗೆ ಮಮತೆ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಚಳಿಗಾಲದಲ್ಲಿ ಕೋಡಿ ಕಡೆ ರಾತ್ರಿ ಹೋದರೆ ದಯವಿಟ್ಟು ಟಾರ್ಚ್ ಹಾಕಬೇಡಿ. ಮೊಟ್ಟೆಯೊಡೆದ ಮರಿಗಳು ಬೆಳಕು ಕಂಡ ಕಡೆಗೇ ತೆವಳುತ್ತವೆ, ನಿಮ್ಮ ಟಾರ್ಚ್ ಕಡೆ ತಿರುಗಿದರೆ ಸಮುದ್ರ ಅವುಗಳ ಬೆನ್ನ ಹಿಂದೆ ಉಳಿಯುತ್ತದೆ.